ಕಲ್ಲಿಗೆ ಎಣ್ಣೆ ಯಾಕೆ, ನೀರು ಯಾಕೆ

ಮಗಳು ತರಿಸಿಕೊಂಡ ಜಪಾನಿ ಮಸೆಗಲ್ಲಿನ ಮೇಲೆ ಅಳಿಯ ಕೊಬ್ಬರಿ ಎಣ್ಣೆ ಹಾಕಿಬಿಟ್ಟಿದ್ದ. ಅವನ ಅಜ್ಜ ಬಡಗಿ. ಕಲ್ಲಿಗೆ ಎಣ್ಣೆ ಬಿಡದೆ ಉಳಿ ಮಸೆದವರಲ್ಲ. ಚಿಕ್ಕಂದಿನಲ್ಲಿ ಕಂಡದ್ದನ್ನೇ ಅವನೂ ಮಾಡಿದ. ಆದರೆ ಆ ಮೆತ್ತನೆಯ ಕಲ್ಲು ಎಣ್ಣೆಯನ್ನೆಲ್ಲ ಹೀರಿಕೊಂಡು ಕೂತಿತ್ತು. ಚಾಕು ಅದರ ಮೇಲೆ ಜಾರುತ್ತಿತ್ತೇ ಹೊರತು ಹರಿತವಾಗುತ್ತಿರಲಿಲ್ಲ. “ಎಣ್ಣೆ ಹಾಕಬೇಕಾ, ನೀರು ಹಾಕಬೇಕಾ? ಒಂದು ಸಲ ಸರಿಯಾಗಿ ಹೇಳಿಬಿಡಪ್ಪ” ಎಂದಳು ಮಗಳು.

ಬೆಂಗಳೂರಿನ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ದುಡಿದು ನಿವೃತ್ತರಾದ ಆ ಅಪ್ಪನಿಗೆ ಉತ್ತರ ಗೊತ್ತಿತ್ತು. ಆದರೆ ಹೇಳಲು ಹೊರಟಾಗ ನೆನಪಾದದ್ದು ಮಲೆನಾಡಿನ ಒಂದು ಗಂಧದ ಕೆತ್ತನೆಯ ಕೆಲಸಮನೆ, ಮತ್ತು ಇದೇ ಪ್ರಶ್ನೆ ಕೇಳಿದ ಒಬ್ಬ ಹುಡುಗನ ಬೆರಳ ಗಂಟಿನ ಮೇಲೆ ಬಿದ್ದ ಮರದ ಪಟ್ಟಿಯ ಏಟು.

ಆ ಹುಡುಗ ಅವರೇ, ಹುಟ್ಟಿದ್ದು ಅಡಿಕೆ ತೋಟಗಳ ಸೀಮೆಯಲ್ಲಿ. ಅಲ್ಲಿ ಕತ್ತಿ ಮಸೆಯಲು ಕಲ್ಲೇ ಆಗಬೇಕೆಂದಿರಲಿಲ್ಲ. ಕೊಟ್ಟಿಗೆಯ ಪಕ್ಕ ಉದ್ದನೆಯ ಮರದ ತುಂಡೊಂದು ಓರೆಯಾಗಿ ನಿಂತಿರುತ್ತಿತ್ತು. ಬೆಣಚುಕಲ್ಲನ್ನು ಕುಟ್ಟಿ ಹುಡಿ ಮಾಡಿ ಆ ಮರದ ಮೇಲೆ ಉದುರಿಸಿ, ಕತ್ತಿಯನ್ನು ಹಿಂದಕ್ಕೂ ಮುಂದಕ್ಕೂ ಉಜ್ಜಿದರೆ ಆಯಿತು. ಬೆಣಚು ಅಂದರೆ ಕ್ವಾರ್ಟ್ಸ್. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಅದರ ಅಂಕ 7. ಊರ ಕಮ್ಮಾರನ ಕುಲುಮೆಯಿಂದ ಬಂದ ಕತ್ತಿಗೆ ಅಷ್ಟು ಧಾರಾಳ ಸಾಕು. ಒಳಮನೆಯ ಮೆಟ್ಟುಗತ್ತಿಯನ್ನು ಅಮ್ಮ ಬಚ್ಚಲಿನ ಹಾಸುಕಲ್ಲಿನ ಮೇಲೆ ನೀರು ಚಿಮುಕಿಸಿ ಉಜ್ಜಿಕೊಳ್ಳುತ್ತಿದ್ದರು. ಎಣ್ಣೆ ಎಂಬುದು ಒಗ್ಗರಣೆಗೆ, ತಲೆಗೆ, ದೀಪಕ್ಕೆ. ಅದನ್ನು ಕಲ್ಲಿಗೆ ಸುರಿಯುವ ಮನೆ ಆ ಕೇರಿಯಲ್ಲಿ ಇರಲಿಲ್ಲ.

ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗನನ್ನು ಸೋದರಮಾವ ಒಂದು ಪೇಟೆಗೆ ಕರೆದುಕೊಂಡು ಹೋಗಿ ಕೆತ್ತನೆ ಕಲಿಯಲು ಬಿಟ್ಟರು. 1970ರ ದಶಕದ ಮೊದಲ ವರ್ಷಗಳು. ಸಾಗರ, ಸೊರಬ ಕಡೆಯ ಗುಡಿಗಾರರ ಗಂಧದ ಕೆಲಸಕ್ಕೆ ಆಗಲೇ ದೊಡ್ಡ ಹೆಸರಿತ್ತು, ಆ ಹೆಸರಿನ ನೆರಳಲ್ಲಿ ಸಣ್ಣಪುಟ್ಟ ಕೆಲಸಮನೆಗಳೂ ಬದುಕುತ್ತಿದ್ದವು. ಇದು ಅಂಥದೊಂದು. ನಾಡಹೆಂಚಿನ ಮಾಡು, ಸಗಣಿ ಸಾರಿಸಿದ ನೆಲ, ಸಾಲಾಗಿ ಕೂತ ಕೆಲಸಗಾರರು, ಪ್ರತಿಯೊಬ್ಬರ ಮುಂದೆ ಒಂದು ಮರದ ದಿಮ್ಮಿ. ಕಚ್ಚಾ ಗಂಧ ಬರುತ್ತಿದ್ದದ್ದು ಸರ್ಕಾರದ ಗಂಧದ ಕೋಠಿಯಿಂದ, ತೂಕದ ಲೆಕ್ಕದಲ್ಲಿ. ಹಾಗಾಗಿ ಕೆತ್ತಿ ಬಿದ್ದ ಚಕ್ಕೆಯನ್ನೂ ಹುಡಿಯನ್ನೂ ಸಂಜೆ ಗುಡಿಸಿ ತೂಗಿ ಡಬ್ಬಕ್ಕೆ ತುಂಬಿಡುತ್ತಿದ್ದರು.

ಹೊಸಬನಿಗೆ ಗಂಧ ಮುಟ್ಟಲು ಕೊಡುತ್ತಿರಲಿಲ್ಲ. ಅವನ ಕೆಲಸ ಮಸೆಯುವುದು. ನೀಲಿಗಪ್ಪು ಬಣ್ಣದ ಒಂದು ನಯವಾದ ಕಲ್ಲು ಮರದ ಚೌಕಟ್ಟಿನಲ್ಲಿ ಕೂತಿತ್ತು. ಮೇಸ್ತ್ರಿಯ ತಂದೆಯ ಕಾಲದ್ದು, ನಡುವೆ ಸವೆದು ತಗ್ಗಾಗಿತ್ತು. ಪಕ್ಕದಲ್ಲಿ ಕರಟದ ತುಂಬ ನೀರು. ಚಪ್ಪಟೆ ಉಳಿಯನ್ನು ಆ ತಗ್ಗಿನಲ್ಲಿ ಮಸೆದರೆ ಅದರ ಬಾಯಿಯೂ ಕಮಾನಾಗುತ್ತದೆ, ಆದ್ದರಿಂದ ಅದಕ್ಕೆ ಕಲ್ಲಿನ ಎರಡು ಅಂಚು ಮಾತ್ರ ಮೀಸಲು. ಬಾಗಿದ ಬಾಯಿಯ ಉಳಿಗಳಿಗೆ ನಡುವಿನ ತಗ್ಗು. ಅವುಗಳ ಒಳಮೈಗೆ ಬೆರಳಗಲದ ಕಲ್ಲಿನ ಚೂರುಗಳು, ಒಂದೊಂದು ಉಳಿಗೂ ಅದಕ್ಕೆ ಹೊಂದುವ ಒಂದೊಂದು ಚೂರು. ಹರಿತ ನೋಡಲು ಶಿವನೆ ಮರದ ತುಂಡನ್ನು ನಾರಿಗೆ ಅಡ್ಡವಾಗಿ ಕೆತ್ತಬೇಕು. ಕೊಯ್ದ ಜಾಗ ಮಿಂಚಿದರೆ ಸರಿ. ಬೆಳ್ಳನೆ ಗೆರೆಯೊಂದು ಕಂಡರೆ ಬಾಯಿಯಲ್ಲಿ ಎಲ್ಲೋ ಹಲ್ಲು ಬಿದ್ದಿದೆ, ಮತ್ತೆ ಮೊದಲಿಂದ.

ಆ ಕೆಲಸಮನೆಗೆ ಎಣ್ಣೆ ಬರುವಂತಿಲ್ಲ. ತಲೆಗೆ ಎಣ್ಣೆ ಹಚ್ಚಿ ಬಂದವನು ಕೈ ತೊಳೆದೇ ಕೂರಬೇಕು. ಎದುರು ಬೀದಿಯ ಬಡಗಿ ಕಲ್ಲಿನ ಮೇಲೆ ಎಣ್ಣೆ ಬಿಟ್ಟುಕೊಂಡು ಉಳಿ ಮಸೆಯುವುದನ್ನು ದಿನವೂ ನೋಡುತ್ತಿದ್ದ ಹುಡುಗ ಒಮ್ಮೆ ಕೇಳಿದ: ನಾವು ಯಾಕೆ ಹಾಕುವುದಿಲ್ಲ? “ಎಣ್ಣೆ ಉಕ್ಕಿನ ಸತ್ವ ತಿನ್ನುತ್ತದೆ” ಎಂದರು ಮೇಸ್ತ್ರಿ. ಬಡಗಿಯ ಉಳಿ ಹಾಳಾಗಿಲ್ಲವಲ್ಲ ಎಂದು ಹುಡುಗ ಮುಂದುವರಿಸಿದಾಗ ಬಿದ್ದದ್ದು ಆ ಏಟು.

ಉಕ್ಕಿನ ಸತ್ವವನ್ನು ಎಣ್ಣೆ ತಿನ್ನುವುದಿಲ್ಲ. ತಿನ್ನುವುದು ನೀರು, ತುಕ್ಕಿನ ರೂಪದಲ್ಲಿ. ಆದರೂ ಆ ಕೆಲಸಮನೆಯಲ್ಲಿ ಎಣ್ಣೆ ಬೇಡವೆಂಬ ಕಟ್ಟಳೆ ಅಕ್ಷರಶಃ ಸರಿಯಾಗಿತ್ತು. ಗಂಧದ ವಿಗ್ರಹಕ್ಕೆ ಬಣ್ಣ ಬಳಿಯುವುದಿಲ್ಲ, ಮರದ ಮೈಯೇ ಅದರ ಅಂದ. ಉಳಿಯ ಬಾಯಲ್ಲಿ ಉಳಿದ ಒಂದು ತೊಟ್ಟು ಎಣ್ಣೆ, ಅದರಲ್ಲಿ ಬೆರೆತ ಉಕ್ಕಿನ ಕಪ್ಪು ಹುಡಿ, ಇವು ತಿಳಿಹಳದಿ ಮರದ ನಾರಿನೊಳಗೆ ಇಳಿದರೆ ಕಲೆಯನ್ನು ತೆಗೆಯಲು ಮತ್ತಷ್ಟು ಕೆತ್ತಬೇಕು. ಆಗ ಮೂಗು, ಬೆರಳುಗಳ ಅಳತೆಯೇ ಕೆಟ್ಟುಹೋಗುತ್ತದೆ. ಬಡಗಿಗಳು ಎಣ್ಣೆಯನ್ನು ತೆಳುವಾಗಿಸಲು ಸೀಮೆಎಣ್ಣೆ ಬೆರೆಸುತ್ತಿದ್ದರು. ಪರಿಮಳಕ್ಕಾಗಿಯೇ ಕೊಳ್ಳುವ ವಸ್ತುವಿಗೆ ಸೀಮೆಎಣ್ಣೆಯ ವಾಸನೆ ಹತ್ತಿದರೆ ಅದನ್ನು ಯಾರು ಕೊಳ್ಳುತ್ತಾರೆ? ಇಷ್ಟು ಸರಳವಾದ ಕಾರಣವನ್ನು ಮೇಸ್ತ್ರಿ ಒಂದು ವಾಕ್ಯದಲ್ಲಿ ಹೇಳಬಹುದಿತ್ತು.

ಹೇಳದವರು ಕಲ್ಲೆದೆಯವರೇನೂ ಅಲ್ಲ. ಮಳೆಗಾಲದಲ್ಲಿ ಒಂದೇ ರಾತ್ರಿಗೆ ಉಳಿಗಳಿಗೆ ತುಕ್ಕು ಹತ್ತುತ್ತಿತ್ತು. ಎಣ್ಣೆ ಹಚ್ಚುವಂತಿಲ್ಲವಲ್ಲ, ಅದಕ್ಕೆ ಮೇಸ್ತ್ರಿ ಪ್ರತಿ ಸಂಜೆ ಎಲ್ಲರ ಉಳಿಗಳನ್ನೂ ಒಣ ಬಟ್ಟೆಯಲ್ಲಿ ಒರೆಸಿ, ಒಲೆಯ ಮೇಲಿನ ಅಟ್ಟದಲ್ಲಿ ಬೆಚ್ಚಗೆ ಇಟ್ಟು ಬರುತ್ತಿದ್ದರು. ಹುಡುಗರು ಕೆಡಿಸಿದ ಉಳಿಯೊಂದು ಬೆಳಿಗ್ಗೆ ಬಂದು ನೋಡಿದರೆ ಹರಿತವಾಗಿರುತ್ತಿತ್ತು. ರಾತ್ರಿ ಲಾಟೀನು ಹಚ್ಚಿಕೊಂಡು ಯಾರು ಕೂತಿದ್ದರೆಂದು ಯಾರೂ ಹೇಳುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಕೆಲಸಮನೆಯ ಪಕ್ಕದಲ್ಲೇ ಒಂದು ಕ್ಷೌರದಂಗಡಿ. ಅಲ್ಲಿನ ಕಲ್ಲಿಗೆ ಎಣ್ಣೆಯೂ ಇಲ್ಲ, ಬರಿಯ ನೀರೂ ಇಲ್ಲ. ಗಿರಾಕಿಯ ಗಲ್ಲಕ್ಕೆ ಹಚ್ಚಿ ಬಟ್ಟಲಲ್ಲಿ ಉಳಿದ ಸೋಪಿನ ನೊರೆಯನ್ನೇ ಕಲ್ಲಿನ ಮೇಲೆ ಸವರಿ ಕ್ಷೌರಿಕ ತನ್ನ ಕತ್ತಿಯನ್ನು ಎಳೆಯುತ್ತಿದ್ದ. ಆಮೇಲೆ ಕಿಟಕಿಗೆ ಕಟ್ಟಿದ ಚರ್ಮದ ಪಟ್ಟಿ. ಈ ದ್ರವಗಳ ಜಗಳ ಎಷ್ಟು ಹಳೆಯದೆಂಬುದು ಹುಡುಗನಿಗೆ ತಿಳಿದದ್ದು ಬಹಳ ತಡವಾಗಿ, ಪುಸ್ತಕ ಓದುವ ಪುರಸೊತ್ತು ಸಿಕ್ಕ ಮೇಲೆ. ವೆಸೂವಿಯಸ್ ಸಿಡಿದ ಕ್ರಿ.ಶ. 79ರಲ್ಲಿ ತೀರಿಕೊಂಡ ರೋಮನ್ ಲೇಖಕ ಪ್ಲೀನಿ ತನ್ನ ‘ನ್ಯಾಚುರಲ್ ಹಿಸ್ಟರಿ’ಯ 36ನೇ ಭಾಗದಲ್ಲಿ ಮಸೆಗಲ್ಲುಗಳನ್ನು ವಿಂಗಡಿಸಿದ್ದೇ ಹೀಗೆ: ಕ್ರೀಟ್ ದ್ವೀಪದ ಕಲ್ಲಿಗೆ ಎಣ್ಣೆ, ನಾಕ್ಸೋಸಿನ ಕಲ್ಲಿಗೆ ನೀರು, ಸಿಲಿಸಿಯಾದ್ದಕ್ಕೆ ಎರಡೂ. ಸ್ಪೇನಿನ ಒಂದು ಬಗೆಯ ಕಲ್ಲನ್ನು ಕ್ಷೌರಿಕರು ಎಂಜಲು ಹಚ್ಚಿ ಬಳಸುತ್ತಾರೆಂದೂ ಬರೆದಿದ್ದಾನೆ. ಕಲ್ಲಿನ ಜಾತಿ ನೋಡಿ ದ್ರವ ಹಾಕಬೇಕೆಂಬ ತಿಳಿವಳಿಕೆ ಅಷ್ಟು ಹಿಂದೆಯೇ ಇತ್ತು.

ಬಡಗಿಯ ಕಲ್ಲು ಮಾತ್ರ ಹೊಸ ಕಾಲದ್ದು. ಒಂದು ಬದಿ ಒರಟು, ಇನ್ನೊಂದು ಬದಿ ನಯ, ಬಣ್ಣ ಕಡುಬೂದು: ಕಾರ್ಬೊರಂಡಮ್. ಅಮೆರಿಕದ ಎಡ್ವರ್ಡ್ ಅಚೆಸನ್ 1891ರಲ್ಲಿ ಕೃತಕ ವಜ್ರ ಮಾಡುವ ಆಸೆಯಿಂದ ಜೇಡಿಮಣ್ಣು, ಕೋಕ್ ಪುಡಿಗಳ ಮಿಶ್ರಣದಲ್ಲಿ ವಿದ್ಯುತ್ ಹಾಯಿಸಿದ. ವಜ್ರ ಆಗಲಿಲ್ಲ, ಸಿಲಿಕಾನ್ ಕಾರ್ಬೈಡಿನ ಹೊಳೆವ ಹರಳುಗಳು ಸಿಕ್ಕವು. ಮೊದಮೊದಲು ಅದನ್ನು ರತ್ನಕ್ಕೆ ಹೊಳಪು ಕೊಡುವವರಿಗೆ ಕ್ಯಾರೆಟ್ ಲೆಕ್ಕದಲ್ಲಿ ಮಾರಿದ. 1893ರಲ್ಲಿ ಪೇಟೆಂಟ್ ಬಂತು. 1895ರಲ್ಲಿ ಅಗ್ಗದ ಜಲವಿದ್ಯುತ್ತನ್ನು ಅರಸಿ ಕಾರ್ಖಾನೆ ನಯಾಗರಾ ಜಲಪಾತದ ಬಳಿಗೆ ಹೋಯಿತು. 1954ರಲ್ಲಿ ಮದರಾಸಿನಲ್ಲಿ ಕಾರ್ಬೊರಂಡಮ್ ಯೂನಿವರ್ಸಲ್ ಶುರುವಾದ ಮೇಲೆ ಇಂಥ ಸಾಮಗ್ರಿ ನಮ್ಮ ನೆರೆಯಲ್ಲೇ ತಯಾರಾಗತೊಡಗಿತು. ಹಾಗೆಂದು ನಮ್ಮ ನೆಲಕ್ಕೆ ಗಡಸು ಕಲ್ಲು ಹೊಸದೇನಲ್ಲ. ಹಳೆಯ ಮೈಸೂರು ಸೀಮೆಯ ಹಲವು ಕಡೆ ಕುರುವಿಂದ ಸಿಗುತ್ತದೆ, ಮೋಸ್ ಮಾಪಕದಲ್ಲಿ 9. ಭೂವಿಜ್ಞಾನಿ ಥಾಮಸ್ ಹಾಲೆಂಡ್ ಭಾರತದ ಕುರುವಿಂದದ ಬಗ್ಗೆಯೇ 1898ರಲ್ಲಿ ಒಂದು ಇಡೀ ಪುಸ್ತಕ ಬರೆದರು. ಕುರುವಿಂದದ ಪುಡಿಯನ್ನು ಅರಗಿನಲ್ಲಿ ಕಲಸಿ ಸಾಣೆಚಕ್ರ ಮಾಡುವ ವಿದ್ಯೆ ಈ ದೇಶದ ಕುಶಲಕರ್ಮಿಗಳದ್ದು.

ಕೆಲವು ವರ್ಷ ಕಳೆದ ಮೇಲೆ ಮನೆಗೆ ತಿಂಗಳ ಸಂಬಳ ಬೇಕೇಬೇಕಾಯಿತು. ಕೆತ್ತನೆಯಲ್ಲಿ ಬರುತ್ತಿದ್ದದ್ದು ಕೈಖರ್ಚಿಗೆ ಸಾಲದಷ್ಟು. ಆಗ ಬೆಂಗಳೂರು ಉಪಕರಣ ಮಾಡುವ ಕೈಗಳನ್ನು ಹುಡುಕುತ್ತಿತ್ತು; ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಟೂಲ್‌ರೂಮ್ ತರಬೇತಿ ಕೇಂದ್ರವೊಂದು ಇಲ್ಲಿ ಶುರುವಾದದ್ದು 1972ರಲ್ಲೇ. ಹುಡುಗ ಸೇರಿದ್ದು ಬೇರೊಂದು ಕಾರ್ಖಾನೆಗೆ, ಹೆಲ್ಪರ್ ಆಗಿ. ಅವನ ಕೈಯ ನಿಗಾ ಕಂಡ ಫೋರ್‌ಮನ್ ಟೂಲ್‌ರೂಮಿಗೆ ಎಳೆದುಕೊಂಡರು. ಮೊದಲ ದಿನ ಕೊಟ್ಟ ಕೆಲಸ ಗಟ್ಟಿಮಾಡಿದ ಉಕ್ಕಿನ ಪಂಚ್ ಒಂದರ ಅಂಚನ್ನು ಕಲ್ಲಿನಿಂದ ನಯಗೊಳಿಸುವುದು. ಹುಡುಗ ಅಭ್ಯಾಸಬಲದಿಂದ ನೀರು ಹುಡುಕಿದ.

“ಏನಪ್ಪಾ, ಡೈ ಸ್ಟೀಲಿಗೆ ನೀರು ಕುಡಿಸ್ತೀಯಾ? ನಾಳೆ ತುಕ್ಕನ್ನ ಯಾರು ಉಜ್ಜೋದು?” ಎಂದರು ಫೋರ್‌ಮನ್. ಎಲ್ಲರನ್ನೂ ಹೆಸರು ಹಿಡಿದು ಕೂಗುವ, ಮಧ್ಯಾಹ್ನದ ಮೊಸರನ್ನದಲ್ಲಿ ಪಾಲು ಕೊಡುವ ಮನುಷ್ಯ. ಅವರ ಪೆಟ್ಟಿಗೆಯಲ್ಲಿ ಎಣ್ಣೆಬಟ್ಟೆ ಸುತ್ತಿದ ಕಲ್ಲುಗಳಿದ್ದವು. ಕಂದು ಬಣ್ಣದ್ದು ನಾರ್ಟನ್ ಕಂಪನಿಯ ‘ಇಂಡಿಯಾ’ ಕಲ್ಲು, ಅಲ್ಯೂಮಿನಿಯಂ ಆಕ್ಸೈಡಿನದು; ಕಾರ್ಖಾನೆಯಿಂದ ಹೊರಬರುವಾಗಲೇ ಅದರ ಮೈತುಂಬ ಎಣ್ಣೆ ತುಂಬಿರುತ್ತಾರೆ. ಇನ್ನೊಂದು ಹಾಲುಬಿಳುಪಿನ ಸಣ್ಣ ಕಡ್ಡಿ. ಅದು ಅಮೆರಿಕದ ಅರ್ಕಾನ್ಸಾ ರಾಜ್ಯದ ವಾಷಿಟಾ ಬೆಟ್ಟಗಳಲ್ಲಿ ಸಿಗುವ ನೊವಾಕ್ಯುಲೈಟ್ ಎಂಬ ನೈಸರ್ಗಿಕ ಶಿಲೆ, ಹುಡುಗನ ಊರಿನ ಬೆಣಚುಕಲ್ಲಿಗೆ ದಾಯಾದಿ. ಎರಡೂ ಕ್ವಾರ್ಟ್ಸ್, ಇದರದು ಕಣ್ಣಿಗೆ ಕಾಣದಷ್ಟು ಸಣ್ಣ ಹರಳು. ಫೋರ್‌ಮನ್ ಅದರ ಮೇಲೆ ಹೊಲಿಗೆ ಯಂತ್ರದ ತೆಳು ಎಣ್ಣೆಯನ್ನು ಎರಡೇ ತೊಟ್ಟು ಬಿಡುತ್ತಿದ್ದರು. ಅವರು ಹೇಳಿದ ಕಾರಣ: ಎಣ್ಣೆ ತಂಪು ಮಾಡುತ್ತದೆ, ಇಲ್ಲದಿದ್ದರೆ ಉಕ್ಕಿನ ಹದ ಇಳಿಯುತ್ತದೆ.

ಈ ಕಾರಣವೂ ಸರಿಯಲ್ಲ. ಉಕ್ಕಿನ ಹದ ಇಳಿಯಲು 200 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನ ಬಿಸಿ ಬೇಕು. ಅಲಗು ನೀಲಿಗಟ್ಟುವುದು 300ರ ಸುಮಾರಿಗೆ. ಸೈಕಲ್ ತುಳಿದು ಸಾಣೆ ಹಿಡಿಯುವವನ ಚಕ್ರದಲ್ಲಿ, ಕಿಡಿ ಹಾರುವಾಗ, ತೆಳುವಾದ ಅಂಚು ಆ ಬಿಸಿಗೆ ಏರಿಬಿಡಬಹುದು. ಕೈಯಲ್ಲಿ ಹಿಡಿದು ಕಲ್ಲಿನ ಮೇಲೆ ಉಜ್ಜುವ ಕೆಲಸದಲ್ಲಿ ಬೆರಳಿಗೆ ಬೆಚ್ಚಗೆ ತಗಲುವುದೂ ಅಪರೂಪ. ಎಣ್ಣೆ ಮಾಡುವ ನಿಜವಾದ ಉಪಕಾರ ಬೇರೆ. ಮಸೆದಾಗ ಉದುರುವ ಉಕ್ಕಿನ ಹುಡಿ ಕಲ್ಲಿನ ಸೂಕ್ಷ್ಮ ರಂಧ್ರಗಳಲ್ಲಿ ಕೂತರೆ ಕಲ್ಲು ಕಟ್ಟಿಕೊಳ್ಳುತ್ತದೆ, ಮೇಲ್ಮೈ ಗಾಜಾಗುತ್ತದೆ, ಹರಿತ ಬರುವುದಿಲ್ಲ. ದ್ರವವೊಂದಿದ್ದರೆ ಆ ಹುಡಿ ತೇಲುತ್ತದೆ, ಬಟ್ಟೆಯಲ್ಲಿ ಒರೆಸಿ ತೆಗೆಯಬಹುದು. ಗಡಸಾದ, ಸವೆಯದ ಕಲ್ಲಿಗೆ ಇದು ಮುಖ್ಯ, ಅದರಲ್ಲೂ ನಯವಾದ ಕಲ್ಲಿಗೆ. ತೆಳು ಎಣ್ಣೆ ಇದನ್ನು ಚೆನ್ನಾಗಿ ಮಾಡುತ್ತದೆ, ಜೊತೆಗೆ ತುಕ್ಕನ್ನೂ ತಡೆಯುತ್ತದೆ. ಕ್ಷೌರದಂಗಡಿಯ ಸೋಪಿನ ನೊರೆ ಮಾಡುತ್ತಿದ್ದದ್ದೂ ಇದೇ ಕೆಲಸ.

ಜಪಾನಿ ನೀರುಗಲ್ಲಿನ ನಡೆ ಇದಕ್ಕೆ ತದ್ವಿರುದ್ಧ. ಅದರ ಕಣಗಳನ್ನು ಬಿಗಿಯಾಗಿ ಹಿಡಿದಿಟ್ಟಿರುವುದಿಲ್ಲ. ಉಜ್ಜುತ್ತ ಹೋದಂತೆ ಮೊಂಡಾದ ಕಣ ಕಳಚಿ, ಕೆಳಗಿನ ಹೊಸ ಕಣ ಮೇಲೆ ಬರುತ್ತದೆ. ಕಳಚಿದ್ದು ನೀರಿನೊಂದಿಗೆ ಕೆಸರಾಗಿ ಉಕ್ಕಿಗೆ ಹೊಳಪು ಕೊಡುತ್ತದೆ. ಅಲ್ಲಿ ಎಣ್ಣೆ ಹೊಕ್ಕರೆ ರಂಧ್ರ ಮುಚ್ಚಿ ಈ ಇಡೀ ವ್ಯವಹಾರ ನಿಂತುಹೋಗುತ್ತದೆ. ಇವೆಲ್ಲವನ್ನೂ ತಳ್ಳಿಹಾಕಿದವರೂ ಇದ್ದಾರೆ. ಅಮೆರಿಕದ ಜಾನ್ ಜುರಾನಿಚ್ 1985ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಎಣ್ಣೆಯೂ ಬೇಡ, ನೀರೂ ಬೇಡ, ಒಣಗಲ್ಲೇ ಸಾಕೆಂದು ವಾದಿಸಿದರು: ಎಣ್ಣೆಯಲ್ಲಿ ತೇಲುವ ಉಕ್ಕಿನ ಚೂರುಗಳಿಗೆ ಢಿಕ್ಕಿ ಹೊಡೆದು ಅಲಗಿನ ಅಂಚು ಹಾಳಾಗುತ್ತದೆಂಬುದು ಅವರ ನಿಲುವು. ಅಡುಗೆಮನೆಯ ಚಾಕುವಿನ ಮಟ್ಟಿಗೆ, ಒರಟು ಕಲ್ಲಿನ ಮೇಲೆ, ಈ ವಾದ ಒಪ್ಪುವಂಥದೇ. ಅರ್ಕಾನ್ಸಾದ ಬಿಳಿ ಕಡ್ಡಿಯನ್ನು ಒಣಗಿಸಿ ಬಳಸಿ ನೋಡಿದವರು ಒಪ್ಪಲಾರರು. ಸ್ವಲ್ಪ ಹೊತ್ತಿನಲ್ಲೇ ಅದರ ಮೈ ಕಪ್ಪಾಗಿ ಅಲಗು ಜಾರತೊಡಗುತ್ತದೆ.

ಆ ಮಲೆನಾಡಿನ ಪೇಟೆಗೆ ಅಪ್ಪ ಆಮೇಲೂ ಹೋಗಿದ್ದರು. ಗಂಧ ವಿರಳವಾಗಿತ್ತು. 1998ರಲ್ಲಿ ಐಯುಸಿಎನ್ ಶ್ರೀಗಂಧವನ್ನು ಅಪಾಯದಂಚಿನ ಪ್ರಭೇದಗಳ ಪಟ್ಟಿಗೆ ಸೇರಿಸಿತು. 2001ರಲ್ಲಿ ಕರ್ನಾಟಕ ಕಾಯ್ದೆ ತಿದ್ದಿ, ಜಮೀನಿನಲ್ಲಿ ಬೆಳೆದ ಗಂಧದ ಮೇಲೆ ಜಮೀನಿನವರಿಗೆ ಹಕ್ಕು ಕೊಟ್ಟಿತು. ಆದರೆ ಹೊಸದಾಗಿ ನೆಟ್ಟ ಗಿಡದಲ್ಲಿ ಕೆತ್ತನೆಗೆ ಒದಗುವ ಚೇಗು ಕೂಡಲು ವರ್ಷಗಟ್ಟಲೆ ಕಾಯಬೇಕು. ಕೆಲಸಮನೆಯಲ್ಲಿ ಈಗ ಹೆಚ್ಚಾಗಿ ಶಿವನೆ. ಹಿಂದೆ ಹರಿತ ನೋಡಲು ಕೆತ್ತುತ್ತಿದ್ದ ಮರದಲ್ಲೇ ಈಗ ಗಣಪತಿ ಮೂಡುತ್ತಾನೆ. ಮೇಸ್ತ್ರಿಯ ಮಗ ವಿದ್ಯುತ್ ಸಾಣೆಯಲ್ಲಿ ಉಳಿ ತಿದ್ದಿ ಮರಳುಕಾಗದದಲ್ಲಿ ನಯ ಮಾಡುತ್ತಾನೆ. ಕ್ಷೌರಿಕರು ಮುರಿದು ಎಸೆಯುವ ಬ್ಲೇಡಿಗೆ ಬದಲಾಗಿ ಎಷ್ಟೋ ಕಾಲವಾಯಿತು. ಸೋಂಕಿನ ಭಯ ನೋಡಿದರೆ ಅದು ಒಳ್ಳೆಯದೇ. ಟೂಲ್‌ರೂಮಿನಲ್ಲಿ ಕಾರ್ಬೈಡ್ ತುದಿ ಸವೆದರೆ ಇನ್ನೊಂದು ಮೂಲೆ ತಿರುಗಿಸುತ್ತಾರೆ, ಮೂಲೆಗಳೆಲ್ಲ ಮುಗಿದರೆ ಬದಲಿಸುತ್ತಾರೆ. ಡೈಗೆ ಹೊಳಪು ಕೊಡುವವರ ಕೈಯಲ್ಲಿ ಮಾತ್ರ ಕಲ್ಲಿನ ಕಡ್ಡಿ ಉಳಿದಿದೆ.

ಅಷ್ಟು ವರ್ಷದ ನಂತರ ಮೇಸ್ತ್ರಿ, ಫೋರ್‌ಮನ್ ಇಬ್ಬರ ಬಗ್ಗೆ ಅವರಿಗೆ ಅನ್ನಿಸುವುದು ಇಷ್ಟು. ಇಬ್ಬರೂ ಮಾಡಿಸಿದ್ದು ಸರಿ, ಇಬ್ಬರೂ ಹೇಳಿದ ಕಾರಣ ತಪ್ಪು. ಆದರೆ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ಇಡಲು ಅವರ ಮನಸ್ಸು ಒಪ್ಪುವುದಿಲ್ಲ. ಫೋರ್‌ಮನ್ ತಮಗೆ ಗೊತ್ತಿದ್ದದ್ದನ್ನೆಲ್ಲ, ತಪ್ಪು ಕಾರಣವನ್ನೂ ಸೇರಿಸಿ, ಕೇಳಿದವನಿಗೆ ಹೇಳಿದರು. ಮೇಸ್ತ್ರಿಗೆ ನಿಜವಾದ ಕಾರಣ ಗೊತ್ತಿತ್ತು. ಹುಡುಗನಿಗೆ ಅದನ್ನು ಹೇಳಿದ್ದು ಮೇಸ್ತ್ರಿಯ ಮಗನೇ, ಎಷ್ಟೋ ವರ್ಷದ ಮೇಲೆ, ಚಹಾ ಕುಡಿಯುತ್ತ: “ಕಲೆ ಆಗ್ತದೆ ಅಂತ ಅಪ್ಪ ಮನೇಲಿ ಊಟಕ್ಕೆ ಕೂತಾಗ ಯಾವಾಗ್ಲೂ ಹೇಳೋರು.” ಹೊರಗಿನಿಂದ ಬಂದ ಹುಡುಗರಿಗೆ ಆ ಊಟದ ಪಂಕ್ತಿ ಇರಲಿಲ್ಲ. ಕಟ್ಟಳೆ ಎಲ್ಲರಿಗೆ, ಕಾರಣ ಮನೆಯವರಿಗೆ. ಕಸುಬು ಮನೆಯೊಳಗೇ ಉಳಿಯಲೆಂಬ ಹೆದರಿಕೆ ಬಡ ಕುಶಲಕರ್ಮಿಗೆ ಸಹಜವೆಂದು ಈಗ ಅರ್ಥವಾಗುತ್ತದೆ. ಆ ರಾತ್ರಿಗಳ ಲಾಟೀನಿನ ಋಣ ಇದ್ದೇ ಇದೆ. ಆದರೂ ಕಾರಣ ಮುಚ್ಚಿಟ್ಟದ್ದು ಅನ್ಯಾಯ ಎಂಬ ಮಾತನ್ನು ಅವರು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಕಾರಣ ಗೊತ್ತಿಲ್ಲದೆ ಹೊರಟ ಕಟ್ಟಳೆ ಊರೂರು ತಿರುಗಿ ತನಗೆ ಸಂಬಂಧಿಸದ ಕಲ್ಲಿನ ಮೇಲೆ ಬಂದು ಕೂರುತ್ತದೆ. ಬಡಗಿ ಅಜ್ಜನ ಎಣ್ಣೆ ನೀರುಗಲ್ಲಿಗೆ ಬಂದದ್ದು ಹಾಗೆಯೇ.

ಮಗಳಿಗೆ ಅವರು ಕೊಟ್ಟ ಉತ್ತರವನ್ನು, ಕಾರಣ ಸಮೇತ, ಬೇರೆ ಮನೆಗಳಿಗೂ ಹೇಳಬಹುದು. ನೀರುಗಲ್ಲಿಗೆ ನೀರು ಮಾತ್ರ. ಅಂಗಡಿಯಿಂದ ಹೊಸದಾಗಿ ತಂದ ಕಾರ್ಬೊರಂಡಮ್ ಕಲ್ಲನ್ನು ಅಡುಗೆಮನೆಗೆ ಬಳಸುವುದಾದರೆ ಒಂದು ಹನಿ ಪಾತ್ರೆ ಸೋಪು ಬೆರೆಸಿದ ನೀರು ಸಾಕು. ಕೆಲಸ ಮುಗಿದ ಕೂಡಲೇ ಚಾಕುವನ್ನು ಒರೆಸಿ ಒಣಗಿಸಿ. ಈಗಾಗಲೇ ಎಣ್ಣೆ ಕುಡಿದ ಗಡಸು ಕಲ್ಲಾದರೆ ಎಣ್ಣೆಯನ್ನೇ ಮುಂದುವರಿಸಿ, ಆದರೆ ತೆಳುವಾದ ಖನಿಜ ತೈಲ. ತರಕಾರಿ ಹೆಚ್ಚುವ ಚಾಕುವಾದರೆ ಮಸೆದ ಮೇಲೆ ಸೋಪು ಹಾಕಿ ತೊಳೆಯಿರಿ. ಅಡುಗೆ ಎಣ್ಣೆ ಯಾವುದೂ ಬೇಡ. ಕುಸುಬೆ, ಅಗಸೆ ಎಣ್ಣೆ ಗಾಳಿಗೆ ಒಣಗಿ ಅಂಟಾಗುತ್ತವೆ, ಹರಳೆಣ್ಣೆ ವಿಪರೀತ ಮಂದ, ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಕಲ್ಲಿನ ಮೇಲೆಯೇ ಹೆಪ್ಪುಗಟ್ಟುತ್ತದೆ. ಅಟ್ಟದ ಮೇಲೆ ಅಜ್ಜನ ಕಾಲದ ಕಪ್ಪುಗಟ್ಟಿದ ಕಲ್ಲಿದ್ದರೆ ಎಸೆಯಬೇಡಿ. ವಾಷಿಂಗ್ ಸೋಡಾ ಹಾಕಿದ ಬಿಸಿನೀರಿನಲ್ಲಿ ನೆನೆಸಿ, ಗಟ್ಟಿ ಬ್ರಷ್ಷಿನಿಂದ ತಿಕ್ಕಿ, ಸಮತಟ್ಟಾದ ಹಾಸುಗಲ್ಲಿನ ಮೇಲೆ ಮರಳು, ನೀರು ಹಾಕಿ ನಡುವಿನ ತಗ್ಗು ಹೋಗುವ ತನಕ ಉಜ್ಜಿ. ಇನ್ನೊಂದು ತಲೆಮಾರಿಗೆ ಬರುತ್ತದೆ.